ಕಿವಿಯ ಶಂಖದೊಳಗೆ ಇಳಿದ ಎಳೆ

ಚೆಕ್ ಸಂಗೀತಗಾರ ಬೆದ್ರಿಖ್ ಸ್ಮೆತಾನ 1876ರಲ್ಲಿ ಬರೆದ ನಾಲ್ಕು ತಂತಿವಾದ್ಯಗಳ ಕೃತಿಯೊಂದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೊನೆಯ ಭಾಗದಲ್ಲಿ ಹಬ್ಬದ ಮನೆಯಂತೆ ಕುಣಿಯುತ್ತಿದ್ದ ನಾಲ್ಕೂ ವಾದ್ಯಗಳು ತಟ್ಟನೆ ನಿಲ್ಲುತ್ತವೆ. ಮೂರು ವಾದ್ಯಗಳು ಕೆಳಗೆ ನಡುಗುತ್ತಿರಲು, ಮೊದಲ ಪಿಟೀಲು ಒಂದೇ ಒಂದು ಸ್ವರ ಹಿಡಿಯುತ್ತದೆ. ತೆಳ್ಳನೆಯದು, ಚೂಪಾದದ್ದು, ಬಹಳ ಎತ್ತರದ್ದು, ಬಿಡುವುದೇ ಇಲ್ಲ. ಕಿವುಡಾಗುವ ಮುನ್ನ ತನ್ನ ಕಿವಿಯೊಳಗೆ ಎದ್ದ ಮೊರೆತವನ್ನು ಸ್ಮೆತಾನ ಆ ಪಿಟೀಲಿಗೆ ಒಪ್ಪಿಸಿದ್ದ.

ಅಂಥ ಸ್ವರವನ್ನು ತಗ್ಗಿಸಬಲ್ಲ, ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಒಂದನ್ನು ಭೂತಗನ್ನಡಿ ಹಿಡಿದು ನೋಡಿದಾಗ ನನಗೆ ಆಭರಣದ ಪೆಟ್ಟಿಗೆ ತೆರೆದಂತಾಯಿತು. ಟೈಟಾನಿಯಂನ ತೆಳುವಾದ ಡಬ್ಬಿ. ಅದರಿಂದ ಹೊರಟ ಸಿಲಿಕೋನಿನ ಎಳೆ, ಬೇಯಿಸಿದ ಶಾವಿಗೆಯಷ್ಟು ಮೆತ್ತಗೆ. ಉದ್ದ 31.5 ಮಿಲಿಮೀಟರ್. ಅದರುದ್ದಕ್ಕೂ 12 ಕಡೆ ಪ್ಲಾಟಿನಂನ ಚುಕ್ಕಿಗಳು. ಒಳಗಿನ ತಂತಿಗಳನ್ನು ನೆಟ್ಟಗೆ ಎಳೆದಿಲ್ಲ, ಅಲೆ ಅಲೆಯಾಗಿ ಮಲಗಿಸಿದ್ದಾರೆ. ಬಾಗುವಾಗ ಬಿಗಿಯದಿರಲಿ ಎಂದು. ಎಂಥ ನಯ!

ಅದು ಹೊಗಬೇಕಾದ ಮನೆಯೂ ಅಷ್ಟೇ ಸೊಗಸು. ಒಳಗಿವಿಯಲ್ಲಿ ಬಟಾಣಿಯಷ್ಟು ದೊಡ್ಡ ಶಂಖ, ಎರಡೂವರೆ ಸುತ್ತು. ಬಿಚ್ಚಿ ಹಾಸಿದರೆ ಸುಮಾರು 35 ಮಿಲಿಮೀಟರ್. ಬಾಗಿಲ ಬಳಿ ತಾರ, ತುದಿಯಲ್ಲಿ ಮಂದ್ರ. ಇಂಥ ಸುರುಳಿಯೊಳಗೆ ತಂತಿಯನ್ನು ನೋಯಿಸದೆ ಇಳಿಸುವುದು ಹೇಗೆ ಎಂದು ಆಸ್ಟ್ರೇಲಿಯಾದ ವೈದ್ಯ ಗ್ರೇಮ್ ಕ್ಲಾರ್ಕ್ ತಲೆ ಕೆಡಿಸಿಕೊಂಡಿದ್ದ ಕಾಲ. 1977ರಲ್ಲಿ ಕಡಲ ತೀರದಲ್ಲಿ ಕೂತು, ಕೈಗೆ ಸಿಕ್ಕ ಚಿಪ್ಪಿನೊಳಗೆ ಒಂದು ಹುಲ್ಲಿನ ಎಸಳನ್ನು ತೂರಿಸಿದರು. ತುದಿ ಎಳಸು, ಬುಡ ಗಟ್ಟಿ. ಎಸಳು ಸುತ್ತು ಸುತ್ತಾಗಿ, ಸರಾಗವಾಗಿ, ಒಳಗೊಳಗೆ ಜಾರಿಹೋಯಿತು. ಮರುವರ್ಷ ಮೆಲ್ಬರ್ನಿನಲ್ಲಿ ಅವರ ಮೊದಲ ಶಸ್ತ್ರಕ್ರಿಯೆ ನಡೆಯಿತು.

ಕಿವುಡಿಗೆಂದೇ ಹುಟ್ಟಿದ ಈ ಸಾಧನ ಮೊರೆತಕ್ಕೂ ಮದ್ದಾದದ್ದು ಇನ್ನೂ ಚೆಂದದ ಕಥೆ. ಒಂದು ಕಿವಿ ಪೂರ್ತಿ ಸತ್ತರೆ ಆ ಕಡೆಯಿಂದ ಮಿದುಳಿಗೆ ಸುದ್ದಿಯೇ ಬಾರದು. ಬಾರದ ಸುದ್ದಿಗೆ ಕಿವಿಗೊಟ್ಟು ಕೊಟ್ಟು ಮಿದುಳು ತನ್ನೊಳಗಿನ ಸದ್ದನ್ನೇ ಹಿಗ್ಗಿಸಿಕೊಳ್ಳುತ್ತದೆ ಎನ್ನುತ್ತಾರೆ ಬಲ್ಲವರು. ಆ ಕಿವಿಗೆ ಸಾಮಾನ್ಯ ಶ್ರವಣಯಂತ್ರ ಏನೂ ಮಾಡಲಾರದು. ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಪಾಲ್ ವಾನ್ ಡೆ ಹೇನಿಂಗ್ ಮತ್ತು ಸಂಗಡಿಗರು ಹೀಗೆ ಒಂದು ಕಿವಿ ಕಳೆದುಕೊಂಡು ಮೊರೆತದಿಂದ ಬಸವಳಿದ 21 ಮಂದಿಗೆ ಇಂಪ್ಲಾಂಟ್ ಹಾಕಿದರು. 2008ರಲ್ಲಿ ಫಲಿತಾಂಶ ಪ್ರಕಟಿಸಿದರು: ಹತ್ತರ ಅಳತೆಯಲ್ಲಿ ಸರಾಸರಿ 8.5 ಇದ್ದ ಮೊರೆತದ ಜೋರು, ಎರಡು ವರ್ಷಗಳಲ್ಲಿ 2.5ಕ್ಕೆ ಇಳಿದಿತ್ತು.

ಮೊರೆತದ ಬಾಯಿ ಕಟ್ಟಿ ತಂದ ನೆಮ್ಮದಿಯಲ್ಲ ಇದು, ಅದೇ ನನಗೆ ಮೆಚ್ಚು. ಕಿವಿಯ ಹಸಿದ ನರಕ್ಕೆ ಇಂಪ್ಲಾಂಟ್ ಮೂಲಕ ಸದ್ದು ಉಣಿಸುತ್ತಾರೆ: ಬಾಗಿಲ ಚಿಲಕ, ಒಗ್ಗರಣೆಯ ಚಟಪಟ, ಮಗುವಿನ ಮಾತು. ಮೊದಮೊದಲು ಎಲ್ಲವೂ ತಗಡು ಬಡಿದಂತೆ ಕೇಳುತ್ತದೆ. ತಿಂಗಳುಗಳು ಕಳೆದಂತೆ ಒಳ್ಳೆಯ ಕಿವಿಯ ಸದ್ದಿನೊಂದಿಗೆ ಅದು ಮೆಲ್ಲಗೆ, ಬಹಳ ಮೆಲ್ಲಗೆ, ಬೆರೆಯತೊಡಗುತ್ತದೆ. ಇಂಪ್ಲಾಂಟಿಗೆ ಸದ್ದು ಕಳಿಸುವ ಹೊರಗಿನ ಯಂತ್ರವನ್ನು ರಾತ್ರಿ ಕಳಚಿಟ್ಟಾಗ ಅನೇಕರಿಗೆ ಮೊರೆತ ಮರಳುವುದುಂಟು. ಕೆಲವರಿಗೆ ಹಗಲಿನ ಶಾಂತಿ ಒಂದಷ್ಟು ಹೊತ್ತು ಉಳಿಯುತ್ತದೆ.

ಸ್ಮೆತಾನನ ಆ ಕೊನೆಯ ಭಾಗವನ್ನು ಒಮ್ಮೆ ಕೇಳಿ. ಎಂಟೂವರೆ ಎರಡೂವರೆಯಾಗುವುದೆಂದರೆ ಏನೆಂದು ನಿಮ್ಮ ಕಿವಿಯೇ ಹೇಳುತ್ತದೆ.