ಮಂಗಳೂರಿನಾಚೆಗೂ ಬರಬೇಕಾದ ಅಧ್ಯಯನ

ಮಿದುಳು, ಬೆನ್ನುಹುರಿಯ ನರರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ವಂಶವಾಹಿಗಳ ಬಗ್ಗೆ ಜಗತ್ತಿಗೆ ಗೊತ್ತಿರುವುದು ಬಹುಪಾಲು ಯುರೋಪ್ ಮೂಲದವರ ರಕ್ತದಿಂದ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ 47,429 ರೋಗಿಗಳನ್ನು 68,374 ಆರೋಗ್ಯವಂತರೊಂದಿಗೆ ಹೋಲಿಸಿ, ರೋಗದ ನಂಟಿರುವ 233 ವಂಶವಾಹಿ ವ್ಯತ್ಯಾಸಗಳನ್ನು ಗುರುತಿಸಿತು. ಆ ಲೆಕ್ಕದಲ್ಲಿ ನಮ್ಮ ಜನ ಇಲ್ಲ.

ಹಾಗಾಗಿಯೇ ಮಂಗಳೂರಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಅವರ ಕೆಲಸಕ್ಕೆ ಬೆಲೆ. ನಿಟ್ಟೆ ವಿಶ್ವವಿದ್ಯಾಲಯದ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಅವರ ತಂಡ ಕೇಂಬ್ರಿಜ್ ಸಂಶೋಧಕರ ಜೊತೆಗೂಡಿ, ಯುರೋಪ್ ಮೂಲದವರಲ್ಲಿ ಆಗಲೇ ಸಿಕ್ಕಿದ್ದ ವ್ಯತ್ಯಾಸಗಳನ್ನು ಭಾರತೀಯ ರೋಗಿಗಳಲ್ಲಿ ಹುಡುಕಿತು. ಬಹಳಷ್ಟು ಇಲ್ಲಿಯೂ ಅದೇ ದಿಕ್ಕು ತೋರಿದವು. ಇದು ಬಿಳಿಯರ ರೋಗ ಎಂಬ ನಂಬಿಕೆ ಇನ್ನು ನಿಲ್ಲದು. ಆದರೆ ಪರೀಕ್ಷೆಯಾದವರು ಕೆಲವೇ ನೂರು ಮಂದಿ. ಗೊತ್ತಿದ್ದುದನ್ನು ಸರಿನೋಡಲು ಅಷ್ಟು ಸಾಕು, ನಮ್ಮಲ್ಲಿ ಮಾತ್ರ ಇರಬಹುದಾದದ್ದನ್ನು ಹುಡುಕಲು ಸಾಲದು. ಜಾತಿಯೊಳಗೇ, ಸೋದರಮಾವನಿಗೇ ಹೆಣ್ಣು ಕೊಡುವ, ಹಾಗಾಗಿ ಅಪರೂಪದ ವ್ಯತ್ಯಾಸಗಳು ಗುಂಪಿನೊಳಗೇ ಉಳಿಯುವ ನಾಡಿನಲ್ಲಿ ಈ ಕೊರತೆ ಸಣ್ಣದಲ್ಲ.

ವಂಶವಾಹಿ ತಿಳಿದರೆ ರೋಗಿಗೇನು ಲಾಭ? ಟಿಎನ್‌ಎಫ್ ಎಂಬ ಉರಿಯೂತದ ಅಣುವನ್ನು ತಡೆಯುವ ಔಷಧಿ ಕೀಲುವಾತಕ್ಕೆ ಒಳ್ಳೆಯದು. ಅಂಥದ್ದನ್ನೇ ಈ ರೋಗಕ್ಕೆ ಕೊಟ್ಟು ನೋಡಿದಾಗ, 1999ರ ವರದಿಯಂತೆ, ರೋಗ ಉಲ್ಬಣಿಸಿತು. ಕಾರಣ ಹೊಳೆದದ್ದು 2012ರಲ್ಲಿ: ರೋಗದ ಅಪಾಯ ಹೆಚ್ಚಿಸುವ ಒಂದು ವ್ಯತ್ಯಾಸ ದೇಹದೊಳಗೆ ಮಾಡುವುದೂ ಟಿಎನ್‌ಎಫ್ ತಡೆಯುವ ಕೆಲಸವನ್ನೇ. ಈ ಅರಿವು ಮೊದಲೇ ಇದ್ದಿದ್ದರೆ ಆ ರೋಗಿಗಳ ನರಳಾಟ ತಪ್ಪುತ್ತಿತ್ತು. ಈ ಸಂಶೋಧನೆಯ ದೊಡ್ಡ ಫಲ ನನ್ನ ಮಟ್ಟಿಗೆ ಇದೇ.

ಆದರೆ ರೋಗ ಮೊದಲು ಗುರುತಾಗಬೇಕಲ್ಲ. ಯಾದಗಿರಿ ಜಿಲ್ಲೆಯ ಅಬ್ಬೆತುಮಕೂರಿನ ಕಡೆ ಕಾಲು ಸೋತರೆ ‘ಲಕ್ವಾ ಹೊಡದದ’ ಎಂದುಬಿಡುತ್ತಾರೆ. ಹರೆಯದ ಹೆಣ್ಣುಮಗಳಿಗೆ ಒಂದು ಕಣ್ಣು ಮಂಜಾಗಿ, ತಿಂಗಳುಗಳ ನಂತರ ಕಾಲು ಜೋಮು ಹಿಡಿದರೆ ಎರಡನ್ನೂ ಕೂಡಿಸಿ ನೋಡುವವರು ಬೇಕು. ರೋಗದ ಹೆಸರು ತಿಳಿದ ಮೇಲೆ ಅದು ಮನೆತನದ ಶಾಪವೂ ಆಗಬಾರದು. ತದ್ರೂಪ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು ಮಾತ್ರ. ಎಪ್‌ಸ್ಟೈನ್-ಬಾರ್ ವೈರಾಣುವಿನ ಸೋಂಕಿನ ಪಾಲು ದೊಡ್ಡದೆಂದು 2022ರಲ್ಲಿ ಅಮೆರಿಕದ ಸೈನಿಕರ ಅಧ್ಯಯನ ತೋರಿಸಿದೆ. ಹಾಗಾಗಿ ಜೀನ್ ಪರೀಕ್ಷೆಯೊಂದನ್ನೇ ನಂಬಿ ಯಾರ ಮದುವೆಯೂ ಮುರಿಯಬೇಕಿಲ್ಲ.

ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿದೆ. ಹೋಲಿಕೆಗೆ ಆಧಾರ ಸಿಕ್ಕಿತು, ಇನ್ನು ಬೇಕಿರುವುದು ರೋಗಿಗಳ ಮಾದರಿಗಳು. ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಇಂಥ ರೋಗಿಗಳ ದಾಖಲೆ ಇಡಲು ಶುರುಮಾಡಲಿ, ಅವರ ಒಪ್ಪಿಗೆ ಪಡೆದು ರಕ್ತದ ಮಾದರಿಯನ್ನು ಮಂಗಳೂರಿಗೋ ನಿಮ್ಹಾನ್ಸ್‌ಗೋ ಕಳಿಸಲಿ.