ಮರುಸ್ಥಾಪನೆಯೆಂಬ ಮೂಢವಿಧಿ

ಗಿರಾಕಿ ತಂದ ಕಡತವನ್ನು ತೆರೆದೊಡನೆ ಕನ್ನಡ ಕಾಣದೆ ಹೋದರೆ, ಕಾರಣವನ್ನು ವಿಚಾರಿಸುವ ಗೋಜಿಗೇ ಹೋಗದೆ ಫಾಂಟನ್ನು ಅಳಿಸಿ ಮತ್ತೆ ಹಾಕುವುದು, ಅದೂ ಫಲಿಸದಿದ್ದರೆ ವಿಂಡೋಸನ್ನೇ ಹೊಸದಾಗಿ ಹಾಕಿಸುವುದು, ನಮ್ಮ ಡಿಟಿಪಿ ಕೇಂದ್ರಗಳಲ್ಲಿ ರೂಢಮೂಲವಾಗಿರುವ ಪದ್ಧತಿ. ಇದರಿಂದ ಒಮ್ಮೊಮ್ಮೆ ಕಾರ್ಯಸಿದ್ಧಿಯಾಗುವುದುಂಟು. ಆ ಆಕಸ್ಮಿಕ ಸಿದ್ಧಿಯೇ ಪದ್ಧತಿಯ ದೋಷವನ್ನು ಮರೆಮಾಚಿ ಅದಕ್ಕೆ ಶಾಸ್ತ್ರದ ಗೌರವವನ್ನು ತಂದುಕೊಟ್ಟಿರುವುದು ವಿಷಾದದ ಸಂಗತಿ.

ಫಾಂಟು ನಿಜವಾಗಿಯೂ ಇಲ್ಲದಿರುವ ಸಂದರ್ಭದಲ್ಲಿ ಈ ಚಿಕಿತ್ಸೆ ಯುಕ್ತವೇ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಬೆರಳಚ್ಚಿಸಿದ ‘ಕನ್ನಡ’ ಎಂಬ ಪದವು, ಆ ಫಾಂಟಿಲ್ಲದ ಯಂತ್ರದಲ್ಲಿ, ರೋಮನ್ ಲಿಪಿಯ ಪಿ ಅಕ್ಷರ, ತಲೆಯ ಮೇಲೆ ಗೆರೆ ಹೊತ್ತ ಎ, ನಡುವೆ ಪೌಂಡ್ ಹಣದ ಚಿಹ್ನೆ, ಮುಂದೆ ಕ್ಯೂ ಎಂಬ ಅರ್ಥಹೀನ ಸಾಲಾಗಿ ಪ್ರತ್ಯಕ್ಷವಾಗುತ್ತದೆ. ಏಕೆಂದರೆ ಕಡತದಲ್ಲಿ ಉಳಿದಿರುವುದು ಆ ಚಿಹ್ನೆಗಳೇ ಹೊರತು ಕನ್ನಡವಲ್ಲ. ಯೂನಿಕೋಡ್ ಪಠ್ಯಕ್ಕೆ ಈ ದುರ್ಗತಿಯಿಲ್ಲ: ಕೇಳಿದ ಫಾಂಟು ದೊರೆಯದಿದ್ದರೂ ವಿಂಡೋಸ್ ಸಾಮಾನ್ಯವಾಗಿ ತುಂಗಾ ಅಥವಾ ನಿರ್ಮಲಾ ಫಾಂಟಿನಲ್ಲಿ ಅದನ್ನು ತೋರಿಸುವುದರಿಂದ, ಅಂದಗೆಟ್ಟರೂ ಓದು ಕೆಡದು.

ಆದರೆ ಫಾಂಟು ಇದ್ದೂ ಕಾಣದಿದ್ದರೆ? 2018ರ ವಿಂಡೋಸ್ 10 ಆವೃತ್ತಿಯಿಂದೀಚೆಗೆ, ಸುಮ್ಮನೆ ಹಾಕಿದ ಫಾಂಟು ಆ ಒಬ್ಬ ಬಳಕೆದಾರನ ಕೋಶದಲ್ಲಿ ಮಾತ್ರ ಕೂರುವುದರಿಂದ, ಕೆಲವು ಹಳೆಯ ತಂತ್ರಾಂಶಗಳಿಗೆ ಅದು ಗೋಚರಿಸುವುದಿಲ್ಲ. ಮೌಸಿನ ಬಲಗುಂಡಿಯೊತ್ತಿ ‘ಎಲ್ಲ ಬಳಕೆದಾರರಿಗೂ’ ಎಂಬ ಆಯ್ಕೆಯಿಂದ ಹಾಕಿದರೆ ತೊಡಕು ಬಗೆಹರಿಯುತ್ತದೆ. ಹಳೆಯ ಟೈಪ್ 1 ಫಾಂಟುಗಳಿಗೆ ಅಡೋಬಿಯು 2023ರ ಜನವರಿಯಲ್ಲಿ ಬೆಂಬಲವನ್ನೇ ನಿಲ್ಲಿಸಿರುವಾಗ, ಅವನ್ನು ಹೊಸ ಇನ್‌ಡಿಸೈನಿಗಾಗಿ ಪುನಃ ಪುನಃ ಹಾಕುವುದು ವ್ಯರ್ಥ ಶ್ರಮವೇ ಸರಿ.

ಎಲ್ಲಕ್ಕಿಂತ ಹೆಚ್ಚಾಗಿ ಈ ಪದ್ಧತಿಯ ಅಜ್ಞಾನ ಬಯಲಾಗುವುದು ಒತ್ತಕ್ಷರದ ವಿಷಯದಲ್ಲಿ. ಇನ್‌ಡಿಸೈನಿನಲ್ಲಿ ಯೂನಿಕೋಡ್ ಪಠ್ಯದ ಒತ್ತುಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ನಿಂತರೆ ಅಪರಾಧವನ್ನು ಫಾಂಟಿನ ಮೇಲೆ ಹೊರಿಸುವವರೇ ಬಹಳ. ವಾಸ್ತವವಾಗಿ ಅಲ್ಲಿ ಬದಲಾಗಬೇಕಾದುದು ಪ್ಯಾರಾಗ್ರಾಫ್ ಪಟ್ಟಿಯೊಳಗಿನ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ. ಎಷ್ಟು ಬಾರಿ ಫಾಂಟು ಹಾಕಿದರೂ ಆ ಆಯ್ಕೆ ತಾನಾಗಿ ಬದಲಾಗದು. ಹಾಕುವ ಉತ್ಸಾಹದಲ್ಲಿ ಒಂದೇ ಹೆಸರಿನ ಹಳೆಯ, ಹೊಸ ಆವೃತ್ತಿಗಳು ಒಟ್ಟಿಗೆ ಸೇರಿ ಹೊಸದೊಂದು ಗೊಂದಲ ಹುಟ್ಟುವುದು ಮಾತ್ರ ಸಂಭವ.

ಆದುದರಿಂದ ವಾಚಕರು ಯಾವ ಫಾಂಟನ್ನೂ ಅಳಿಸುವ ಮುನ್ನ ನೋಟ್‌ಪ್ಯಾಡಿನಲ್ಲಿ ಅದನ್ನೇ ಆರಿಸಿ ಒಂದು ಸಾಲು ಬರೆದು ನೋಡಬೇಕು. ಅಲ್ಲಿ ಅದು ಸರಿಯಾಗಿ ಮೂಡಿದರೆ, ಹುಡುಕಬೇಕಾದ ದೋಷ ಬೇರೆಡೆಯಿದೆ.