ಮೊದಲು ಹೆಸರು ಹೇಳುವ ಸಲೀಂ ಮಿರ್ಜಾ

ಎಂ.ಎಸ್. ಸತ್ಯು ಅವರ ‘ಗರಂ ಹವಾ’ ಚಿತ್ರವನ್ನು ನಾನು ಮೊದಲು ನೋಡಿದ್ದು ಕಾಲೇಜಿನ ದಿನಗಳಲ್ಲಿ, ಗೆಳೆಯನ ಕೋಣೆಯಲ್ಲಿ. ಅಂದು ಮನಸ್ಸು ಕಲಕಿದ್ದು ಆಮಿನಾಳ ಸಾವು. ಮದುವೆಯ ಓಢಣಿ ಮೈಮೇಲೆ ಹರಡಿಕೊಂಡು ಮಲಗಿದ ಮಗಳ ಮುಂದೆ ಬಲರಾಜ್ ಸಾಹ್ನಿ ನಿಲ್ಲುತ್ತಾರೆ. ಅಳುವುದಿಲ್ಲ, ಕೂಗುವುದಿಲ್ಲ. ಸಾಹ್ನಿ ಕೆಲಕಾಲದ ಹಿಂದೆಯಷ್ಟೇ ತಮ್ಮ ಸ್ವಂತ ಮಗಳನ್ನು ಕಳೆದುಕೊಂಡಿದ್ದರೆಂಬುದು ನನಗೆ ಆಮೇಲೆ ತಿಳಿಯಿತು.

ಅದೇ ಚಿತ್ರದ ಇನ್ನೊಂದು ಸನ್ನಿವೇಶವನ್ನು ಅಂದು ನಾನು ಗಮನಿಸಿಯೇ ಇರಲಿಲ್ಲ. ಹವೇಲಿ ಇರುವುದು ಪಾಕಿಸ್ತಾನಕ್ಕೆ ಹೋದ ಸೋದರನ ಹೆಸರಿನಲ್ಲಿ. ಹಾಗಾಗಿ ಅದು ದೇಶ ಬಿಟ್ಟವರ ಆಸ್ತಿಯಾಗಿ ಸಿಂಧಿ ವ್ಯಾಪಾರಿಯೊಬ್ಬನ ಪಾಲಾಗುತ್ತದೆ. ಆಗ್ರಾದಲ್ಲೇ ಹುಟ್ಟಿ ಬೆಳೆದ, ಬೂಟಿನ ಕಾರ್ಖಾನೆಯಿರುವ ಸಲೀಂ ಮಿರ್ಜಾ ಅದೇ ಊರಲ್ಲಿ ಬಾಡಿಗೆ ಮನೆ ಹುಡುಕುತ್ತ ಅಲೆಯುತ್ತಾನೆ. ಮುಸಲ್ಮಾನನೆಂದು ತಿಳಿದೊಡನೆ ಬಾಗಿಲು ಮುಚ್ಚುತ್ತವೆ. ಕೊನೆಗೆ ಅವನೇ ಮೊದಲು ಹೆಸರು ಹೇಳಿಬಿಡುತ್ತಾನೆ.

ಹಲವು ವರ್ಷಗಳ ನಂತರ ಬೆಂಗಳೂರಿನಲ್ಲಿ ನಾನೂ ಬಾಡಿಗೆ ಮನೆ ಹುಡುಕಿದೆ. ಮೂರನೆಯ ಮನೆಯವರು “ನಾನ್‌ವೆಜ್ ಮಾಡ್ತೀರಾ?” ಎಂದು ಕೇಳಿ, ಹೆಸರು ಕೇಳಿ, ಮನೆ ನಿನ್ನೆಯೇ ಹೋಯಿತೆಂದರು. ‘ಬಾಡಿಗೆಗೆ ಇದೆ’ ಎಂಬ ಬೋರ್ಡು ಗೇಟಿನಲ್ಲಿ ತೂಗುತ್ತಲೇ ಇತ್ತು. ನಾಲ್ಕನೆಯವರಿಗೆ ಫೋನ್ ಮಾಡಿದಾಗ ನಾನು ಮೊದಲು ಹೇಳಿದ್ದು ನನ್ನ ಹೆಸರನ್ನು. ಹೇಳಿದ ಮೇಲೆ ಹೊಳೆಯಿತು, ಈ ಮಾತನ್ನು ಎಲ್ಲೋ ಕೇಳಿದ್ದೇನೆ.

ಈ ಚಿತ್ರ ತಯಾರಾದ ಬಗೆಯೂ ತಿಳಿಯಬೇಕಾದದ್ದೇ. ಮೈಸೂರಿನವರಾದ ಸತ್ಯು ಅವರಿಗೆ ಇದು ಮೊದಲ ಚಿತ್ರ. ಕಥೆಯ ಮೂಲ ಇಸ್ಮತ್ ಚುಗ್ತಾಯಿಯವರದು, ಬರವಣಿಗೆ ಕೈಫಿ ಆಜ್ಮಿ ಮತ್ತು ಶಮಾ ಜೈದಿಯವರದು. ಫಿಲ್ಮ್ ಫೈನಾನ್ಸ್ ಕಾರ್ಪೊರೇಶನ್ ಕೊಟ್ಟ ಸಾಲ 2.5 ಲಕ್ಷ ರೂಪಾಯಿ, ಉಳಿದದ್ದು ಗೆಳೆಯರಿಂದ ತಂದ ಕೈಗಡ. ಧ್ವನಿ ಮುದ್ರಿಸಲು ಯಂತ್ರವಿಲ್ಲದೆ ಮೂಕವಾಗಿ ಚಿತ್ರೀಕರಿಸಿ ಆಮೇಲೆ ಮಾತು ಸೇರಿಸಿದರು. ಆಗ್ರಾದಲ್ಲಿ ವಿರೋಧ ಎದ್ದಾಗ, ಜನರ ಗಮನ ಬೇರೆಡೆ ಸೆಳೆಯಲು ಫಿಲ್ಮಿಲ್ಲದ ಕ್ಯಾಮೆರಾ ಹಿಡಿದ ಇನ್ನೊಂದು ತಂಡವನ್ನು ಕಳಿಸಿದರಂತೆ! ಸಾಹ್ನಿ ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್ 13ರಂದು, ತೀರಿಕೊಂಡರು. ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಬಿದ್ದ ಚಿತ್ರ 1974ರಲ್ಲಿ ಮೊದಲು ತೆರೆ ಕಂಡದ್ದು ನಮ್ಮ ಬೆಂಗಳೂರಿನಲ್ಲಿ.

ದುಡ್ಡಿಲ್ಲದ್ದು ಚಿತ್ರಕ್ಕೆ ಒಳ್ಳೆಯದನ್ನೇ ಮಾಡಿತೆಂದು ನನಗನ್ನಿಸುತ್ತದೆ. ಸೆಟ್ ಹಾಕುವ ಶಕ್ತಿಯಿದ್ದರೆ ಹವೇಲಿ ಅರಮನೆಯಾಗಿಬಿಡುತ್ತಿತ್ತು. ಇಲ್ಲಿರುವುದು ಆಗ್ರಾದ ನಿಜವಾದ ಹಳೆಯ ಮನೆ. ಅದರ ಮೆಟ್ಟಿಲು, ಮೂಲೆ, ಅಂಗಳ ನಮಗೆ ಪರಿಚಯವಾಗಿಬಿಟ್ಟಿರುತ್ತವೆ. ಆದ್ದರಿಂದಲೇ ಮನೆ ಬಿಡುವ ದಿನ ಮುದುಕಿ ದಾದಿ ಬಚ್ಚಿಟ್ಟುಕೊಂಡಾಗ ಎದೆ ಹಿಂಡುತ್ತದೆ. ಸಾಯುವ ಮುಂಚೆ ಆಕೆಯನ್ನು ಡೋಲಿಯಲ್ಲಿ ಹೊತ್ತು ಅದೇ ಹವೇಲಿಗೆ ತರುತ್ತಾರೆ. ಮದುವಣಗಿತ್ತಿಯಾಗಿ ಕಾಲಿಟ್ಟ ದಿನದ ಸದ್ದು ಆಕೆಯ ಕಿವಿಯಲ್ಲಿ. ದಾದಿಯಾದ ಬದರ್ ಬೇಗಂ ಆಗ್ರಾದಲ್ಲೇ ಸಿಕ್ಕ ಮುದುಕಿ. ಅವರಿಗೆ ಕಂಠ ಕೊಟ್ಟವರು ದೀನಾ ಪಾಠಕ್.

ಕೊನೆಯ ದೃಶ್ಯದ ಬಗ್ಗೆ ಮಾತ್ರ ನನ್ನ ತಕರಾರಿದೆ. ಪಾಕಿಸ್ತಾನಕ್ಕೆ ಹೊರಟ ಸಲೀಂ ಮಿರ್ಜಾ ಟಾಂಗಾದಿಂದಿಳಿದು, ಮಗ ಸಿಕಂದರನ ಹಿಂದೆ ಮೆರವಣಿಗೆಗೆ ಸೇರುತ್ತಾನೆ. ಅಷ್ಟು ಹೊತ್ತು ಮೆಲ್ಲಗೆ ಮಾತಾಡಿದ ಚಿತ್ರ ಇಲ್ಲಿ ಘೋಷಣೆಯ ದನಿ ಎತ್ತಿತೆನಿಸುತ್ತದೆ. ಕಥೆ ಬರೆಯುವವನ ಹಟ ಇದಿರಬಹುದು. ನಾನಾಗಿದ್ದರೆ ಟಾಂಗಾ ನಿಂತಲ್ಲಿಗೇ ನಿಲ್ಲಿಸುತ್ತಿದ್ದೆ. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. “ಅವನು ಇಳಿಯದಿದ್ದರೆ ನಾವು ಎಲ್ಲಿಗೆ ಹೋಗಬೇಕಿತ್ತು?” ಎನ್ನುತ್ತಾಳೆ.

2014ರ ನವೆಂಬರಿನಲ್ಲಿ ಪುನಶ್ಚೇತನಗೊಂಡ ಪ್ರತಿ ಬಿಡುಗಡೆಯಾದಾಗ ಇಬ್ಬರೂ ಹೋಗಿ ನೋಡಿದೆವು. ಮಿರ್ಜಾ ತಾನಾಗಿಯೇ ಹೆಸರು ಹೇಳಿದಾಗ ಹಾಲಿನಲ್ಲಿ ಅಲ್ಲಲ್ಲಿ ನಗು ಎದ್ದಿತು. ನಾನೂ ನಕ್ಕೆ. ಅವಳು ನಗಲಿಲ್ಲ. ಆಗ ನಾವಿದ್ದ ಮನೆಯ ಕರಾರು ಮುಗಿಯಲು ಎರಡು ತಿಂಗಳಿತ್ತು.